ಇಳಿಯುವುದಕ್ಕೆ ಬೇಕಾದ ಟೈರು

ನಮ್ಮೂರಿನ ಗಂಡಸರಿಗೆ ಕಣಿವೆಯ ದಾರಿ ಎಂದರೆ ಹತ್ತುವುದು ಮಾತ್ರ. ಯಾವ ಚಳಿಗಾಲದಲ್ಲಿ ಯಾರ ಪಿಕಪ್ಪು ಎಷ್ಟು ಹಿಮ ಸೀಳಿಕೊಂಡು ಮೇಲೆ ಬಂತು ಎಂಬ ಪುರಾಣ ಕೋಆಪ್ ಅಂಗಡಿಯ ಕಾಫಿ ಮೇಜಿನ ಸುತ್ತ ದಿನಾ ಬೆಳಿಗ್ಗೆ ನಡೆಯುತ್ತದೆ. ಇಳಿದ ಕಥೆಯನ್ನು ಒಬ್ಬನೂ ಹೇಳುವುದಿಲ್ಲ. ಇಳಿಯುವಾಗ ಗಾಡಿ ತನ್ನ ಮಾತು ಕೇಳಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದಲ್ಲ!

ನನ್ನ ಕೆಲಸ ಇರುವುದೇ ಇಳಿಯುವುದರಲ್ಲಿ. ಕಣಿವೆಯ ಬಾವಿಗಳಲ್ಲಿ ಬರುವುದು ಉಪ್ಪುನೀರು. ದನಗಳೂ ಮೂಸಿ ಮುಖ ತಿರುಗಿಸುತ್ತವೆ. ಮೇಲೆ ಊರಿನ ನಲ್ಲಿಯಲ್ಲಿ ಟ್ಯಾಂಕಿ ತುಂಬಿಸಿ, ಪಿಕಪ್ಪಿನ ಬೆನ್ನಿಗೆ ಹೊರಿಸಿ, ಕೆಳಗಿನ ಮನೆಗಳ ತೊಟ್ಟಿಗೆ ಸುರಿದು ಬರಬೇಕು. ನನ್ನಪ್ಪ ನೆಸ್ಟರ್ ತಲೆಗೂದಲು ಕಪ್ಪಗಿದ್ದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಈ ಬೇಸಿಗೆಯಲ್ಲಿ ಅವನ ಸೊಂಟ ಕೈಕೊಟ್ಟಿತು, ಗಾಡಿಯ ಕೀಲಿ ನನ್ನ ಕೈಗೆ ಬಂತು. ಬಂತು ಅಷ್ಟೆ, ಅವನು ಬಿಟ್ಟುಕೊಟ್ಟ ಹಾಗಿರಲಿಲ್ಲ. ನಾನು ಎಲ್ಲಿಗೆ ಹೊರಟರೂ ಪಕ್ಕದ ಸೀಟಿಗೆ ಹತ್ತಿ ಕೂತುಬಿಡುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊರೂಟವಾಗುತ್ತದೆ. ಚಳಿಗಾಲದ ಒಪ್ಪಂದಗಳೆಲ್ಲ ಆಗುವುದು ಅಲ್ಲೇ. ಯಾರ ಅಂಗಳದ ಹಿಮ ಯಾರು ತೆಗೆಯಬೇಕು, ಯಾರಿಗೆ ಯಾರು ನೀರು ತರಬೇಕು, ಎಲ್ಲ ಪೆರೋಗಿ ಕಡುಬು ತಿನ್ನುತ್ತಲೇ ತೀರ್ಮಾನ. ಕೈ ಕುಲುಕಿದರೆ ಮುಗಿಯಿತು. ಕಣಿವೆಯವರ ಪರವಾಗಿ ಮಾತಾಡುವವಳು ಹಾಲ್ಯಾ. ಅಲ್ಲಿ ಎಲ್ಲರಿಗಿಂತ ಹೆಚ್ಚು ದನ ಅವಳವು, ಎಲ್ಲರಿಗಿಂತ ದೊಡ್ಡ ದನಿಯೂ ಅವಳದೇ.

"ಓರಿಸ್ಯಾ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ ಕಣೆ," ಎಂದಳು, ನನ್ನ ತಟ್ಟೆಗೆ ಇನ್ನೊಂದು ಎಲೆಕೋಸಿನ ಸುರುಳಿ ಹಾಕುತ್ತ. "ಆದ್ರೆ ದನ ಬಾಯಾರಿ ನಿಂತ್ರೆ ನಾನು ಸ್ನೇಹ ಗೀಹ ನೋಡೋಳಲ್ಲ. ದಾರಿ ಮೇಲೆ ಮೊದಲನೇ ಸಲ ಮಂಜುಗಡ್ಡೆ ಕಟ್ಟಲಿ. ಅವತ್ತು ನೀರು ಇಳಿಸಿದೋರಿಗೇ ಕಣಿವೆ ಕೆಲಸ. ನೀನಾದ್ರೂ ಸರಿ, ಡಾರ್ಸಿಯಾದ್ರೂ ಸರಿ."

ಡಾರ್ಸಿ ಕಾಫಿ ಮೇಜಿನ ಮುದ್ದಿನ ಮಗ. ಹೊಸ ಪಿಕಪ್ಪು, ಹೊಸ ಟ್ಯಾಂಕಿ, ಮಡ್‌ಗಾರ್ಡಿನಿಂದ ಹೊರಗೆ ಚಾಚಿಕೊಂಡ ದಪ್ಪ ಟೈರುಗಳು. ಆಚೆ ಮೇಜಿನಿಂದಲೇ ಕೂಗಿದ: "ಚಿಂತೆ ಮಾಡ್ಬೇಡ ಓರಿಸ್ಯಾ! ನೀನು ನಲ್ಲಿ ಹತ್ರ ಪೈಪು ಹಿಡ್ಕೊಂಡು ನಿಂತ್ಕೊ, ಇಳ್ಸೋದು ನಂಗೆ ಬಿಡು."

"ಬಾಯಲ್ಲೇ ಇಳ್ಸೋದಾದ್ರೆ ಈಗ್ಲೇ ಇಳ್ಸಿಬಿಡಪ್ಪ," ಎಂದೆ. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ನನಗೂ ಒಳಗೆ ನಗು ಇರಲಿಲ್ಲ. ಆ ದಾರಿ ನನಗೆ ಬೇಕಿತ್ತು. ಚಿಕ್ಕಂದಿನಿಂದ ಅಪ್ಪನ ಪಕ್ಕದಲ್ಲಿ ಕೂತು ನೋಡಿದ ದಾರಿ. ನನ್ನ ಕೈಯಿಂದ ಅದು ತಪ್ಪಿಹೋದರೆ ಊರಲ್ಲಿ ನಾನು ಮುಖ ಎತ್ತುವುದು ಹೇಗೆ?

ಮೊದಲ ಚಳಿ ಕಚ್ಚಿದ ದಿನವೇ ಟೈರಂಗಡಿಗೆ ಹೋದೆ. ಅಪ್ಪನೂ ಬಂದ, ಕೋಲೂರಿಕೊಂಡು. ಅಂಗಡಿಯ ವಾಸಿಲ್ ಅಂಗಳದಲ್ಲಿ ಎರಡು ಬಗೆ ಪೇರಿಸಿದ್ದ. ಒಂದು ಡಾರ್ಸಿ ಹಾಕಿಸಿಕೊಂಡಂಥದೇ: ಅಗಲ, ಮೈತುಂಬ ಇಟ್ಟಿಗೆಯಂಥ ಗುಬಟುಗಳು, ನೋಡಿದರೆ ಕಣ್ಣು ತುಂಬಬೇಕು. ಇನ್ನೊಂದು ಬಡಕಲು. ಮೈಯಲ್ಲಿ ಕೂದಲೆಳೆಯಂಥ ಸೀಳುಗಳು, ಅಲ್ಲಲ್ಲಿ ಉಕ್ಕಿನ ಮೊಳೆಗಳು, ಪಕ್ಕದಲ್ಲಿ ಚಳಿಗಾಲದ ಟೈರಿನ ಗುರುತು: ಬೆಟ್ಟದ ಚಿತ್ರದೊಳಗೆ ಹಿಮದ ಹೂವಿನ ಅಚ್ಚು.

"ಇದು ಸೈಕಲ್ಲಿಗಾ?" ಎಂದ ಅಪ್ಪ.

ನಾನು ಕೈಗವಸು ಕಳಚಿ ಅಗಲದ ಟೈರಿಗೆ ಉಗುರು ಒತ್ತಿದೆ. ಒತ್ತಿದ್ದು ಉಗುರಿಗೆ ಗೊತ್ತಾಯಿತೇ ಹೊರತು ಟೈರಿಗಲ್ಲ. ಆ ಚಳಿಗೇ ಕಲ್ಲಾಗಿತ್ತು. ಬಡಕಲು ಟೈರಿಗೆ ಒತ್ತಿದೆ. ನಾದಿಟ್ಟ ಹಿಟ್ಟಿನ ಹಾಗೆ ಸ್ವಲ್ಪ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಚಳಿಗಾಲ ಇನ್ನೂ ಬಾಗಿಲಲ್ಲಿತ್ತು. ಈಗಲೇ ಸೆಟೆದುಕೊಂಡದ್ದು ಜನವರಿಯಲ್ಲಿ ದಾರಿ ಹಿಡಿಯುತ್ತದೆಯೇ?

"ಮೆತ್ತಗಿದೆ ಅಂದ್ರೆ ನೀರಿನ ಭಾರ ಹೊರುತ್ತಾ?" ಎಂದು ವಾಸಿಲನನ್ನು ಕೇಳಿದೆ.

"ಮೈ ಮೆತ್ತಗೆ, ಪಕ್ಕೆಲುಬು ಗಟ್ಟಿ," ಎಂದು ಟೈರಿನ ಬದಿಗೆ ಗುದ್ದಿದ ಅವನು. "ಹತ್ತು ಪದರದ್ದಮ್ಮ ಇದು. ಕಾರಿಗೆ ಹಾಕೋ ಚಳಿಗಾಲದ ಟೈರು ಹಾಕಿದ್ರೆ ನಿನ್ನ ಟ್ಯಾಂಕಿ ಕೆಳಗೆ ರೊಟ್ಟಿ ಆಗ್ಬಿಡುತ್ತೆ. ಇದು ಆಗಲ್ಲ. ಸಪೂರ ಇರೋದ್ರಿಂದ ಭಾರ ಎಲ್ಲ ಒಂದೇ ಕಡೆ ಒತ್ತಿ, ಹಿಮ ಕತ್ತರಿಸ್ಕೊಂಡು ನೆಲ ಮುಟ್ಟುತ್ತೆ. ಅಗಲದ್ದು ಮೇಲ್ಮೇಲೇ ತೇಲುತ್ತೆ."

"ಸರಿ ಹಾಗಾದ್ರೆ, ಹಿಂದಕ್ಕೆ ಎರಡು ಹಾಕು," ಎಂದ ಅಪ್ಪ. ನಮ್ಮೂರಿನವರೆಲ್ಲ ಮಾಡುವುದೇ ಹಾಗೆ. ನೂಕುವುದು ಹಿಂದಿನ ಚಕ್ರ, ಆದ್ದರಿಂದ ಒಳ್ಳೆಯದು ಹಿಂದಕ್ಕೆ, ಸವೆದದ್ದು ಮುಂದಕ್ಕೆ.

"ನಾಲ್ಕಕ್ಕೂ ಹಾಕಿ," ಎಂದೆ.

"ಮುಂದಕ್ಕೆ ಯಾಕೆ ದಂಡ? ಹತ್ತೋಕೆ ಹಿಂದಿನ ಎರಡು ಸಾಕು."

"ಅಪ್ಪಾ, ಹತ್ತೋವಾಗ ನಮ್ಮ ಟ್ಯಾಂಕಿ ಖಾಲಿ. ತುಂಬ್ಕೊಂಡು ಹೋಗೋದು ಇಳಿಯೋವಾಗ. ಬೆನ್ನ ಮೇಲೆ ಅಷ್ಟು ನೀರು ಕೂತು ನೂಕ್ತಿದ್ರೆ, ತಡೆಯೋದು ಯಾರು, ತಿರುಗ್ಸೋದು ಯಾರು? ಮುಂದಿನ ಎರಡು ತಾನೆ?"

ಅಪ್ಪ "ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ," ಎಂದು ಗೊಣಗಿ ಗಾಡಿಯಲ್ಲಿ ಹೋಗಿ ಕೂತ. ಕಾಫಿ ಮೇಜಿನವರಂತೂ ನನ್ನ ಪಿಕಪ್ಪಿಗೆ 'ಬೂಟು ಹಾಕ್ಕೊಂಡ ಕೊಕ್ಕರೆ' ಎಂದು ಹೆಸರಿಟ್ಟರು.

ನವೆಂಬರಿನಲ್ಲಿ ಒಂದು ದಿನ ಮಳೆ ಬಿತ್ತು, ನೆಲ ಮುಟ್ಟಿದ ಹಾಗೇ ಹೆಪ್ಪುಗಟ್ಟಿತು. ಬೆಳಿಗ್ಗೆ ಎದ್ದರೆ ಬೇಲಿಯ ತಂತಿ, ಹುಲ್ಲು, ದಾರಿ ಎಲ್ಲ ಗಾಜು. ಹಾಲ್ಯಾ ಫೋನು ಮಾಡಿದಳು: ತೊಟ್ಟಿಯ ತಳ ಕಾಣುತ್ತಿದೆ, ಡಾರ್ಸಿಗೂ ಹೇಳಿದ್ದೇನೆ, ಯಾರಾದರೂ ಬನ್ನಿ. ನಾನು ಟ್ಯಾಂಕಿ ತುಂಬಿಸಿಕೊಂಡು ಕಣಿವೆಯ ಅಂಚಿಗೆ ಬರುವಷ್ಟರಲ್ಲಿ ಕಾಫಿ ಮೇಜು ಪೂರ್ತಿ ಅಲ್ಲಿಗೇ ಬಂದು, ಫ್ಲಾಸ್ಕು ಹಿಡಿದು ಸಾಲಾಗಿ ನಿಂತಿತ್ತು. ಡಾರ್ಸಿ ಆಗಲೇ ಇಳಿಯತೊಡಗಿದ್ದ.

ಮೊದಲ ತಿರುವಿನ ತನಕ ಚೆನ್ನಾಗಿಯೇ ಹೋದ. ತಿರುವಿನಲ್ಲಿ ಬ್ರೇಕು ಒತ್ತಿದ. ಚಕ್ರ ಬಲಕ್ಕೆ ತಿರುಗಿತು, ಗಾಡಿ ನೇರ ಹೋಯಿತು. ಆತುರವೇ ಇಲ್ಲದೆ, ಅಷ್ಟು ದೊಡ್ಡ ಗಾಡಿ ಮೆಲ್ಲಗೆ ಜಾರಿ ಚರಂಡಿಗೆ ಮೂತಿ ಇಟ್ಟಿತು. ಬಾಗಿಲು ತೆಗೆದು ಇಳಿದವನು ಇಳಿದಲ್ಲೇ ಕುಂಡೆಯೂರಿ ಕೂತ. ಪೆಟ್ಟೇನೂ ಆಗಿರಲಿಲ್ಲ, ಜಂಬಕ್ಕೆ ಬಿಟ್ಟು.

"ವಾಪಸ್ ತಿರುಗ್ಸು ಮಗಳೇ," ಎಂದ ಅಪ್ಪ. ಅವನ ದನಿ ಸಣ್ಣಗಾಗಿತ್ತು. "ಇವತ್ತು ಬೇಡ."

"ಇವತ್ತೇ ಬೇಕಿರೋದು," ಎಂದೆ. ಸಣ್ಣ ಗೇರು ಹಾಕಿ ಅಂಚು ದಾಟಿದೆ.

ಮೊಳೆಗಳು ಕರಕರ ಎಂದು ಗಡ್ಡೆ ಅಗಿಯತೊಡಗಿದವು. ಹಿಂದೆ ನೀರು ಧಡಲ್ ಎಂದು ಮುಂದಕ್ಕೆ ಬಂದು ಗುದ್ದಿತು. ತಿರುವು ಎದುರಿಗೇ ಬಂತು. ಬ್ರೇಕನ್ನು ಮೆಲ್ಲಗೆ ಮುಟ್ಟಿದೆ, ಸ್ಟೇರಿಂಗು ತಿರುಗಿಸಿದೆ, ಉಸಿರು ಹಿಡಿದೆ. ಪಿಕಪ್ಪು ಮೂತಿ ತಗ್ಗಿಸಿ, ಒಳ್ಳೆಯ ಹಸುವಿನ ಹಾಗೆ, ಹೇಳಿದ ಕಡೆಗೆ ತಿರುಗಿತು! ನಾನು ಕಿರುಚಿಬಿಟ್ಟೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ನನ್ನ ಗಂಡನ ಮುಂದೆಯೇ ಇದನ್ನು ಹೇಳಿದ್ದೇನೆ.

ಹಾಲ್ಯಾಳ ತೊಟ್ಟಿಗೆ ನೀರು ಸುರಿದೆವು. ದನಗಳು ಒಂದರ ಮೇಲೊಂದು ಬಿದ್ದು ಬಂದವು. "ಇನ್ನೊಂದು ಟ್ಯಾಂಕಿ ಬೇಕು," ಎಂದಳು ಅವಳು. ಧನ್ಯವಾದ ಗಿನ್ಯವಾದ ಇಲ್ಲ.

ಹತ್ತಿ ಬರುವಾಗ ಡಾರ್ಸಿ ಇನ್ನೂ ಅಲ್ಲೇ ಇದ್ದ, ಕಾಲಿನಿಂದ ಚಕ್ರ ಒದೆಯುತ್ತ. ಮೇಲೆ ನಿಂತವರು ಒಬ್ಬರೂ ಇಳಿದಿರಲಿಲ್ಲ. ಅವನಿಗಿಂತ ಸ್ವಲ್ಪ ಮೇಲಕ್ಕೆ ಹೋಗಿ ನಿಲ್ಲಿಸಿದೆ. ತುಂಬಿದ ಗಾಡಿಯನ್ನು ಖಾಲಿ ಗಾಡಿ ಎಳೆಯಲಾರದು. ನೀರನ್ನು ದಾರಿಗೆ ಬಿಟ್ಟರೆ ಇನ್ನಷ್ಟು ಗಾಜು.

"ನಿನ್ನ ನೀರು ಇತ್ಲಾಗೆ ಕೊಡು," ಎಂದೆ.

"ಏನು?"

"ಪೈಪು ಹಿಡ್ಕೋ ಡಾರ್ಸಿ. ಪಂಪು ನಾನು ಹಾಕ್ತೀನಿ."

ಅವನ ನೀರೆಲ್ಲ ನನ್ನ ಟ್ಯಾಂಕಿಗೆ ಬಂತು. ಅವನ ಗಾಡಿ ಹಗುರಾಯಿತು, ನನ್ನದು ನೆಲಕ್ಕೆ ಕಚ್ಚಿ ಕೂತಿತು. ಹಗ್ಗ ಬಿಗಿದು ಎಳೆದೆ. ಅವನ ಪಿಕಪ್ಪು ಚರಂಡಿಯಿಂದ ಎದ್ದು, ಹಿಂಭಾಗ ಮುಂದಾಗಿ, ನನ್ನ ಬೆನ್ನಿಗೇ ಅಂಚಿನ ತನಕ ಹತ್ತಿತು. ಹತ್ತುವ ಕಥೆ ಬೇಕೆನ್ನುವವರ ಎದುರಿಗೇ! ಒಬ್ಬನ ಕೈಯ ಕಾಫಿ ಓರೆಯಾಗಿ ಅಂಗಿಗೆ ಸುರಿಯುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ.

"ಹುಷಾರಾಗಿ ಮನೆಗೆ ಹೋಗು," ಎಂದು ಡಾರ್ಸಿಗೆ ಹೇಳಿ, ಅವನ ನೀರು ಹೊತ್ತುಕೊಂಡು ಮತ್ತೆ ಇಳಿದೆ. ಈ ಸಲ ಅಪ್ಪ ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಳ್ಳಲಿಲ್ಲ. ಕಿಟಕಿಯಾಚೆ ಕಣಿವೆ ನೋಡುತ್ತ ಕೂತಿದ್ದ.

ತೊಟ್ಟಿಯ ನೀರು ಅಂಚಿಗೆ ಬಂದಾಗ ಹಾಲ್ಯಾ ಮುಚ್ಚಳ ಎಳೆದು, ರೂಢಿಯ ಬಲದಿಂದ, ಅಪ್ಪನ ಕಡೆ ತಿರುಗಿದಳು.

"ನೆಸ್ಟರ್, ಮುಂದಿನ ಟ್ಯಾಂಕಿ ಯಾವತ್ತು ತರ್ತೀಯಾ?"

ಅಪ್ಪ ಕೋಲಿನ ಮೇಲೆ ಎರಡೂ ಕೈ ಊರಿ ನಿಂತ. "ನನ್ನ ಯಾಕೆ ಕೇಳ್ತೀಯಾ? ನಾನು ಸುಮ್ನೆ ಜೊತೆಗೆ ಬಂದೋನು. ನೀರಿನೋಳು ಅವಳು, ಅವಳನ್ನ ಕೇಳು."

ಹಾಲ್ಯಾ ನನ್ನ ಕಡೆ ತಿರುಗಿ ಕಾದಳು. ನಾನು ಪೈಪು ಸುತ್ತಿ ಗಾಡಿಗೆ ಹಾಕಿದೆ.

"ಮಂಗಳವಾರ," ಎಂದೆ.