ಸಸಿಗಳ ಸ್ವಿಚ್ಚು

ಅಕ್ಟೋಬರಿನ ಕೃಷಿಮೇಳದ ರಜೆ, ಶೋ ಡೇ, ಕಳೆದು ವಸಂತದ ಚಳಿ ಇಳಿಯುವ ತನಕ ಹೋಬಾರ್ಟಿನಲ್ಲಿ ಯಾರೂ ಟೊಮೆಟೊ ಸಸಿಯನ್ನು ಹೊರಗೆ ನೆಡುವುದಿಲ್ಲ. ಹಾಗಾಗಿ ನೋಲಾ ತನ್ನ ಹಳೆಯ ಮನೆಯ ಬಟ್ಟೆ ಒಗೆಯುವ ಕೋಣೆಯನ್ನೇ ಸಸಿಗಳಿಗೆ ಬಿಟ್ಟುಕೊಟ್ಟಿದ್ದಳು. ಆರು ದೀಪ, ಒಂದು ಹೀಟರು, ಎಲ್ಲಕ್ಕೂ ಒಂದೇ ಪ್ಲಗ್ಗು. ಎಲೆಕ್ಟ್ರಿಷಿಯನ್ ಕೋಸ್ಟಾ ಅದನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ಇದರ ಮೇಲೆ ಮೊಟ್ಟೆ ಬೇಯಿಸ್ಬೋದು, ಆಂಟಿ."

"ಫ್ಯೂಸ್ ಪದೇ ಪದೇ ಹೋಗ್ತಿತ್ತು. ದಪ್ಪ ತಂತಿ ಕಟ್ದೆ, ಸುಮ್ನಾಯ್ತು."

"ಫ್ಯೂಸ್ ಸುಮ್ನಾದ್ರೆ ಆಮೇಲೆ ಗೋಡೇನೇ ಹೊತ್ಕೊಳ್ಳುತ್ತೆ."

ಬೈಯುತ್ತಲೇ ಅವನು ಸಸಿಗಳಿಗೆ ಬೇರೆ ಲೈನು ಎಳೆದು, ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಕೂರಿಸಿದ. ದೀಪಗಳು ಹೊತ್ತಿದವು, ನೋಲಾಳ ಮುಖ ಅರಳಿತು. ಅದೇ ಹುಮ್ಮಸ್ಸಿನಲ್ಲಿ ಕೋಸ್ಟಾ ತನ್ನ ತಗಡಿನ ರೇಡಿಯೊವನ್ನು ಅದೇ ಲೈನಿಗೆ ಸಿಕ್ಕಿಸಿದ. ಸ್ವಿಚ್ಚು ಟಕ್ಕೆಂದು ಆಫ್ ಆಯಿತು, ದೀಪಗಳೆಲ್ಲ ಆರಿದವು.

ರೇಡಿಯೊದ ಸವೆದ ವೈರನ್ನು ನೋಲಾ ಎತ್ತಿ ಹಿಡಿದಳು.

"ಯಾರಾದ್ರೂ ಒಳ್ಳೇ ಎಲೆಕ್ಟ್ರಿಷಿಯನ್‌ಗೆ ತೋರ್ಸು, ಮಾರಾಯ."