ಬಿಸಿಲಿಗಿಟ್ಟ ಕ್ಯಾಸೆಟ್ಟು

ಬೇಸಿಗೆ ಬಂತೆಂದರೆ ಮುಡಬಿ ಊರಿನ ಮಾಳಿಗೆಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಶ್ಯಾವಿಗೆ, ಹಪ್ಪಳ, ಬೀಜದ ತೊಗರಿ, ಕೌದಿ, ಎಲ್ಲಕ್ಕೂ ಬಿಸಿಲು ತೋರಿಸಬೇಕಲ್ಲ! ನಮ್ಮ ಸುಮನಬಾಯಿ ವರ್ಷಕ್ಕೊಮ್ಮೆ ಅವುಗಳ ಪಕ್ಕದಲ್ಲಿ ಒಂದು ಕ್ಯಾಸೆಟ್ಟನ್ನೂ ಇಡುತ್ತಿದ್ದಳು. ನಗಬೇಡಿ. ಬಿಸಿಲು ಕಂಡ ಬೀಜಕ್ಕೆ ಹುಳ ಹತ್ತುವುದಿಲ್ಲ, ಕ್ಯಾಸೆಟ್ಟಿಗೂ ಹತ್ತಬಾರದು ಎಂಬುದು ಅವಳ ಯೋಚನೆ. ಅದರಲ್ಲಿದ್ದದ್ದು ತೀರಿಹೋದ ತಾಯಿ ಧೂಳಮ್ಮ ಹಾಡಿದ ತೊಟ್ಟಿಲ ಹಾಡು. ತಾಯಿಯ ದನಿ ಉಳಿದದ್ದು ಅದೊಂದರಲ್ಲೇ.

ಭಾನುವಾರ ಮಗಳು ಉಜ್ವಲಾಳ ಕೂಸಿಗೆ ಹೆಸರಿಡುವುದು. ತೊಟ್ಟಿಲು ತೂಗುವಾಗ ಮುತ್ತಜ್ಜಿಯ ಹಾಡೇ ಕೇಳಿಸಬೇಕೆಂದು ಸುಮನಬಾಯಿಗೆ ಹಟ. ಶುಕ್ರವಾರ ಟೇಪ್ ರೆಕಾರ್ಡರ್ ಹಚ್ಚಿದರೆ ಗೊಗ್ಗರು ದನಿ ಬಂದು ಕರ್ರೆಂದು ನಿಂತೇಹೋಯಿತು! ಕ್ಯಾಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡವಳೇ ಆಟೋ ಹತ್ತಿ ಬಸವಕಲ್ಯಾಣಕ್ಕೆ ಬಂದಳು. ಅಲ್ಲಿ ಲತೀಫಾಳ ರೇಡಿಯೋ, ಮೊಬೈಲು ರಿಪೇರಿ ಅಂಗಡಿಯಿದೆ.

ಲತೀಫಾ ಸ್ಕ್ರೂ ಬಿಚ್ಚಿ, ಒಳಗಿನ ಪಟ್ಟಿ ಎಳೆದು ನೋಡಿದಳು.

"ಮೌಶಿ, ಇದನ್ನ ಬಿಸಿಲಿಗಿ ಇಟ್ಟಿದ್ರೇನು?"

"ವರ್ಷಾ ತಪ್ಪದ ಇಟ್ಟೀನಿ!" ಎಂದಳು ಸುಮನಬಾಯಿ ಹೆಮ್ಮೆಯಿಂದ.

"ಅಯ್ಯ! ಅದಕ್ಕೇ ಪಟ್ಟಿ ಸೊಟ್ಟಾಗ್ಯಾದ ನೋಡ್ರಿ."

"ಅಂದ್ರ ನಮ್ಮವ್ವನ ದನಿ ನಾನೇ ಸುಟ್ಟೆನೇನು?" ಅವಳ ಕಣ್ಣು ತುಂಬಿದವು.

"ಪೂರಾ ಖರಾಬ್ ಆಗಿಲ್ರಿ. ಪಟ್ಟಿ ಬ್ಯಾರೆ ಕ್ಯಾಸೆಟ್ಟಿನ ಡಬ್ಬಿಗಿ ಹಾಕಿ ಓಡಿಸ್ತೀನಿ. ಓಡೂವಾಗ್ಲೇ ಡಿಜಿಟಲ್ ಮಾಡ್ಕೋಬೇಕು."

"ಅದೆಲ್ಲ ಯಾಕ? ಇನ್ನೊಂದು ಕ್ಯಾಸೆಟ್ಟಿಗಿ ತುಂಬಿ ಕೊಡು."

"ಕೇಳ್ರಿಲ್ಲಿ. ದನಿ ಹ್ಯಾಂಗ ಏರತದ, ಇಳೀತದ, ಹಂಗೇ ಈ ಪಟ್ಟಿ ಮ್ಯಾಲ ಗುರುತು ಬಿದ್ದಿರತದ. ಇದಕ್ಕ ಅನಲಾಗ್ ಅಂತಾರ. ಕೈಲೆ ಎಳದ ಬಳ್ಳಿ ರಂಗೋಲಿ ಇದ್ದಂಗ. ನಿಮ್ದು ನೋಡಿ ನಾ ಹಾಕಿ, ನಂದು ನೋಡಿ ಇನ್ನೊಬ್ಬಾಕಿ ಹಾಕಿದ್ರ ಅದು ಹಂಗೇ ಉಳೀತದೇನು?"

"ಎಲ್ಲಿ ಉಳೀತದ? ಒಂದಕ್ಕಿಂತ ಒಂದು ಸೊಟ್ಟ!"

"ಅದೇ ಚುಕ್ಕಿ ರಂಗೋಲಿ ಆದ್ರ? ಎಷ್ಟು ಚುಕ್ಕಿ, ಯಾವ ಚುಕ್ಕಿಗಿ ಯಾವ ಚುಕ್ಕಿ ಕೂಡಸೋದು ಅಂತ ಬರದಿಟ್ರ?"

"ಹುಮನಾಬಾದದಾಗ ಕುಂತಾಕೀನೂ ಹಾಕತಾಳ!"

"ಹಾಂ, ಅದೇ ಡಿಜಿಟಲ್ ನೋಡ್ರಿ! ಕಂಪ್ಯೂಟರ್ ಒಂದು ಸೆಕೆಂಡಿನಾಗ ನಲವತ್ತು ಸಾವಿರಕ್ಕಿಂತ ಹೆಚ್ಚು ಸಲ ದನಿ ಅಳದು ಅಂಕಿ ಬರೀತದ. ಆ ಅಂಕಿ ನೂರು ಮಂದಿಗಿ ಕೊಟ್ರೂ ಸವೆಯಂಗಿಲ್ಲ."

ಸುಮನಬಾಯಿ ಮುಖ ಸಿಂಡರಿಸಿದಳು. "ನಮ್ಮವ್ವ ಅಂಕಿ ಆಗತಾಳೇನು? ಅಂಕಿಗಿ ಮಾಯಾ, ಮಮತಾ ಇರತದೇನು?"

"ಕೇಳಿ ನೀವೇ ಹೇಳ್ರಿ," ಎಂದು ಲತೀಫಾ ಪಟ್ಟಿಯನ್ನು ಬೇರೆ ಡಬ್ಬಿಗೆ ಹಾಕಿ, ಕಂಪ್ಯೂಟರಿಗೆ ಜೋಡಿಸಿ ಗುಂಡಿ ಒತ್ತಿದಳು.

ಬಂತು ನೋಡಿ ಹಾಡು! ಸೊಟ್ಟಾದ ಕಡೆ ದನಿ ನಡುಗಿತು. ಆದ ಹಾನಿಯನ್ನು ಡಿಜಿಟಲ್ ಕೂಡ ಅಳಿಸದು ಎಂದು ಲತೀಫಾ ಮುಚ್ಚಿಡದೆ ಹೇಳಿದಳು. ಹಾಡು ಮುಗಿಯಿತು. ಸುಮನಬಾಯಿ ಬಂದ್ ಮಾಡಲು ಕೈಚಾಚಿದಳು. ಪಟ್ಟಿ ಸವೆದೀತೆಂಬ ಭಯಕ್ಕೆ ಅವಳು ಹಾಡಿನಾಚೆಗೆ ಅದನ್ನು ಎಂದೂ ಓಡಿಸಿದವಳಲ್ಲ.

"ಇರ್ರಿ ಮೌಶಿ, ಕಡೀತನಕಾ ಓಡ್ಲಿ."

ಕೆಲಹೊತ್ತು ಬರೀ ಸದ್ದು. ಆಮೇಲೆ ಸ್ಪಷ್ಟವಾಗಿ ಧೂಳಮ್ಮನ ದನಿ:

"ಸುಮನಾ, ಆ ಟೇಪಿನ ಡಬ್ಬಿ ಬಿಟ್ಟು ಬಾ. ರೊಟ್ಟಿ ಆರಾಕತ್ತಾವ. ಉಣ್ಣು ಬಾ, ನನ್ನವ್ವ."

"ಬಂದೆ ಯವ್ವಾ!" ಎಂದು ಅರವತ್ತರ ಸುಮನಬಾಯಿ ಅಂಗಡಿಯಲ್ಲೇ ಕೂಗಿಬಿಟ್ಟಳು. ಅಳು, ನಗು ಎರಡೂ ಒಟ್ಟಿಗೆ ಬಂದವು. ಕಂಪ್ಯೂಟರಿಗೆ ತುಂಬಿಕೊಂಡದ್ದನ್ನು ಲತೀಫಾ ಉಜ್ವಲಾಳ ಫೋನಿಗೂ ಕಳಿಸಿದಳು. ಐದೇ ನಿಮಿಷಕ್ಕೆ ಉಜ್ವಲಾಳ ಫೋನು: "ಅವ್ವಾ! ಅಜ್ಜಿ ನಿನಗ ಉಣ್ಣಾಕ ಕರ್ಯಾಕತ್ತಾಳ! ಕೇಳಿದೇನು?"

"ಕೇಳಿದ್ನವ್ವ, ಕೇಳಿದ್ನಿ! ಕೊಹಿನೂರು ಊರಾಗಿನ ನಿಮ್ಮ ಮಾಮಾಗೂ ಜಲ್ದಿ ಕಳಸು, ಅಂವನೂ ಅವ್ವನ ದನಿ ಕೇಳಲಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಳೆಯ ಕ್ಯಾಸೆಟ್ಟಿದೆಯೇ? ದಯವಿಟ್ಟು ಬಿಸಿಲಿಗಿಡಬೇಡಿ, ಒಣಗಿದ ತಂಪು ಜಾಗದಲ್ಲಿಡಿ. ಓಡುತ್ತಿರುವಾಗಲೇ, ಕೊನೆಯವರೆಗೂ ಓಡಿಸಿ ಡಿಜಿಟಲ್ ಮಾಡಿಸಿ. ಒಂದೇ ಫೋನಿನಲ್ಲಿಟ್ಟು ನಿಶ್ಚಿಂತರಾಗಬೇಡಿ. ಫೋನು ನೀರಿಗೆ ಬಿದ್ದರೆ ಅಂಕಿಯೂ ಹೋಯಿತು. ಎರಡು ಮೂರು ಕಡೆ ಇಡಿ, ಮೂಲ ಪಟ್ಟಿಯನ್ನೂ ಎಸೆಯಬೇಡಿ. ಏಳಿ, ಇವತ್ತೇ ಪೆಟ್ಟಿಗೆ ತೆಗೆಯಿರಿ. ಅದರೊಳಗೆ ನಿಮ್ಮನ್ನೂ ಯಾರೋ ಹೆಸರು ಹಿಡಿದು ಕರೆಯುತ್ತಿರಬಹುದು.