ದೀಪ ನಿಂತ ಮೂಲೆ

"ಏ ಮುದಿಮೂಳಿ, ದೋಣಿ ಆಚೆ ತೆಗೀತೀಯೋ, ಒದ್ದು ತೆಗೆಸ್ಲೋ?"

ಗೇಟಿನ ಮೇಲಿಂದ ಮೇಲ್ವಿಚಾರಕ ಹೆಯ್ತೊರ್ ಕೂಗಿದ. ಲಿಂದಾಲ್ವ ತಲೆ ಎತ್ತಲಿಲ್ಲ. ಸೋಯಾ ಹೊತ್ತ ಬಾರ್ಜುಗಳನ್ನು ಅಣೆಕಟ್ಟೆಯಿಂದ ಕೆಳಗಿನ ನದಿಗೆ ಇಳಿಸುವ ಕಾಂಕ್ರೀಟ್ ತೊಟ್ಟಿಯಲ್ಲಿ ನಮ್ಮ ದೋಣಿ ತರಗೆಲೆಯ ಹಾಗೆ ತೇಲುತ್ತಿತ್ತು. ಕೆಳಗೇಟಿಗೆ ಸಿಕ್ಕಿದ ದಿಮ್ಮಿ ಬಿಡಿಸಲು ನಿನ್ನೆ ಮುಳುಗಿದ ಅವಳ ಮಗ ಜೊಸಿಮಾರ್ ಮೇಲೆ ಬಂದಿರಲಿಲ್ಲ.

"ಮುಳುಗಿದ ಅಂತ ಯಾರು ನೋಡಿದ್ರು? ಸಾರಾಯಿ ಹೊಡೆದು ಯಾವಳ ಮನೇಲೋ ಬಿದ್ದಿರ್ತಾನೆ ಸೂಳೆಮಗ."

"ನೀವೇ ಇಳಿಸಿದ್ರಲ್ಲ ಸ್ವಾಮಿ," ಎಂದೆ. "ಸೊಂಟಕ್ಕೊಂದು ಹಗ್ಗಾನೂ ಕಟ್ಟಲಿಲ್ಲ."

"ನೀನು ಯಾವಳೇ?"

"ಪಕ್ಕದ ಗುಡಿಸಲಿನೋಳು."

ಹೆಣ ಸಿಗದಿದ್ದರೆ ಅವನು ಸತ್ತದ್ದೇ ಸುಳ್ಳು. ಅದು ಅವರಿಗೂ ಗೊತ್ತಿತ್ತು, ನಮಗೂ.

ಲಿಂದಾಲ್ವ ಸೋರೆಬುರುಡೆಯ ಬಟ್ಟಲಲ್ಲಿ ಮೇಣದಬತ್ತಿ ನಿಲ್ಲಿಸಿದಳು. ನೀರಿಗೆ ಬಿಟ್ಟ ದೀಪ ಮುಳುಗಿದವರ ನೆತ್ತಿಯ ಮೇಲೆ ಹೋಗಿ ನಿಲ್ಲುತ್ತದೆ. ನಮ್ಮ ನದಿಯಲ್ಲಿ ಹುಡುಕುವುದೇ ಹೀಗೆ. ಗಾಳಿಗೆ ಬೆಂಕಿಕಡ್ಡಿ ಆರಿತು, ಮತ್ತೆ ಆರಿತು. ಕಾವಲಿನ ಬೆನೆಜಿತು ಗೋಡೆಯ ಕಬ್ಬಿಣದ ಏಣಿ ಇಳಿದು ಬಂದು, ತನ್ನ ಹೆಲ್ಮೆಟ್ ಕಳಚಿ ಗಾಳಿಗೆ ಅಡ್ಡ ಹಿಡಿದ.

"ಬೇಗ ಹಚ್ಚವ್ವ. ಅವ್ನು ನೋಡಿದ್ರೆ ನನ್ ಕೆಲ್ಸ ಹೋಗ್ತದೆ."

ಬಟ್ಟಲು ತೇಲುತ್ತಾ ಹೋಗಿ, ಕೆಳಗೇಟಿನ ಎಡಮೂಲೆಯಲ್ಲಿ ಒಂದು ಸುತ್ತು ತಿರುಗಿ ನಿಂತಿತು. ಮತ್ತೆ ಕದಲಲಿಲ್ಲ.

"ಇಲ್ಲೇ ಅವ್ನೆ," ಎಂದಳು ಲಿಂದಾಲ್ವ. "ಯಾರನ್ನಾದ್ರೂ ಇಳಿಸಿ ಸ್ವಾಮಿ. ಮಗನ್ನ ಎತ್ಕೊಂಡು ಹೋಯ್ತೀನಿ."

ಹೆಯ್ತೊರ್ ನಕ್ಕ. "ಮೇಣದಬತ್ತಿ ಹೇಳ್ತು ಅಂತ ಬಾರ್ಜು ನಿಲ್ಲಿಸ್ಲೇನೇ? ಬೆಲೆಂ ಬಂದರಿನಲ್ಲಿ ಹಡಗು ಕಾಯ್ತಿದೆ. ಸೋಯಾ ಏನು ನಿನ್ನ ಮಗನ ಥರ ಬಿಟ್ಟಿ ಬೆಳೆದದ್ದಾ?"

"ನಿಮ್ಮವ್ವ ನಿಮ್ಮನ್ನ ಹೆತ್ತಿದ್ದೂ ಬಿಟ್ಟೀನೇ ಅಲ್ವಾ," ಎಂದಳು ಅವಳು, ಮೆಲ್ಲಗೆ.

ಗೇಟು ತೆರೆಯಿರಿ ಎಂದು ಅವನು ಕೈ ಎತ್ತಿ ಸನ್ನೆ ಮಾಡಿದ. ಸೈರನ್ ಕೂಗಿತು. ಮೇಲುಗೇಟು ತೆರೆದು, ಮನೆಯೆತ್ತರದ ಬಾರ್ಜು ತೊಟ್ಟಿಯೊಳಗೆ ಬರತೊಡಗಿತು. ಅಲೆಗೆ ದೀಪ ಮಗುಚಿತು. ಬಾರ್ಜು ಕೆಳಗೇಟು ದಾಟುವಾಗ ಅದರ ಪಂಖಗಳು ಆ ಮೂಲೆಯ ನೀರನ್ನೆಲ್ಲ ಕಡೆದುಹಾಕುತ್ತವೆ. ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ಲಿಂದಾಲ್ವ ಹುಟ್ಟು ಹಾಕಿ ದೋಣಿಯನ್ನು ಅದೇ ಮೂಲೆಗೆ ಒಯ್ದು, ಹಗ್ಗವನ್ನು ಗೇಟಿನ ಕಬ್ಬಿಣದ ಬಳೆಗೆ ಕಟ್ಟಿದಳು.

"ನೀನು ಏಣಿ ಹತ್ತಿ ಹೋಗಕ್ಕ."

ಏಣಿಯ ಮೇಲಿಂದ ಬೆನೆಜಿತು ಕೈ ಚಾಚಿದ್ದ. "ಬರ್ರವ್ವ, ಬರ್ರಿ! ಅವ್ನು ನಿಲ್ಸಲ್ಲ!"

ಬಾರ್ಜಿನ ನೆರಳು ನಮ್ಮ ಮಡಿಲಿಗೆ ಬಂತು. ನಿಲ್ಲಿಸು ಎಂದು ಮೇಲಿದ್ದವರು ಯಾರೂ ಕೂಗಲಿಲ್ಲ. ಅವಳ ಗಂಟು ಸಡಿಲವಾಗಿತ್ತು. ನಾನು ಅದರ ಮೇಲೆ ಇನ್ನೊಂದು ಗಂಟು ಹಾಕಿದೆ.